ಸೆಂಟ್ಸ್ ಲೆಕ್ಕದಲ್ಲಿ ಫರಾಯಿಜ್

ಎಮ್ಮಿಗನೂರಿನ ಸುತ್ತಲ ಭತ್ತದ ಗದ್ದೆಗಳನ್ನು ಅಳೆಯುವುದು ಎಕರೆ, ಸೆಂಟ್ಸ್ ಲೆಕ್ಕದಲ್ಲಿ. ಮೈಸೂರು ಸೀಮೆಯ ಗುಂಟೆ ಇಲ್ಲಿ ನಡೆಯುವುದಿಲ್ಲ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದರ ಗುರುತು ಅದು. (ಅಂದು ಆದವಾನಿ ಕಡೆಯ ಇನ್ನೊಂದು ಎಮ್ಮಿಗನೂರು, ನೇಕಾರರದು, ಆಂಧ್ರದ ಪಾಲಾಯಿತು. ಇಲ್ಲಿ ಹೇಳುತ್ತಿರುವುದು ಕಂಪ್ಲಿ ತಾಲ್ಲೂಕಿನದು.) ಈ ಸೀಮೆಯ ಮುಸ್ಲಿಂ ಹೆಣ್ಣುಮಕ್ಕಳ ಹೊಲದ ಹಕ್ಕಿನ ಕತೆಯಲ್ಲೂ ಮದರಾಸಿನ ಪಾತ್ರವಿದೆ.

1937ರ ಶರೀಯತ್ ಕಾಯ್ದೆ ಮುಸ್ಲಿಮರ ಮದುವೆ, ತಲಾಖ್, ವಾರಸಾ ಹಕ್ಕುಗಳಿಗೆ ಊರ ರೂಢಿಯ ಬದಲು ಶರೀಯತ್ತೇ ಅನ್ವಯಿಸಬೇಕು ಎಂದಿತು. ಆದರೆ ಕೃಷಿ ಜಮೀನನ್ನು ಹೊರಗಿಟ್ಟಿತು. ಏಕೆಂದರೆ 1935ರ ಭಾರತ ಸರ್ಕಾರ ಕಾಯ್ದೆಯಂತೆ ಜಮೀನು ಪ್ರಾಂತ್ಯಗಳಿಗೆ ಬಿಟ್ಟ ವಿಷಯವಾಗಿತ್ತು. ಹೊಲವೇ ಆಸ್ತಿಯಾಗಿದ್ದ ನಾಡಿನಲ್ಲಿ ಹೊಲ ಬಿಟ್ಟು ಉಳಿದದ್ದನ್ನು ಹಂಚಿದರೆ ಮಗಳಿಗೆ ಸಿಗುವುದೇನು? 1949ರಲ್ಲಿ ಮದರಾಸು ತಿದ್ದುಪಡಿ ತಂದು ಕೃಷಿ ಜಮೀನನ್ನೂ ಒಳಗೆ ಸೇರಿಸಿತು. ಆಗ ಹೊಸಪೇಟೆ, ಕಂಪ್ಲಿ ಮದರಾಸಿನಲ್ಲಿದ್ದವು. ಸಂಡೂರು ಸಂಸ್ಥಾನವೂ ಅದೇ ವರ್ಷದ ಏಪ್ರಿಲ್‌ನಲ್ಲಿ ಮದರಾಸಿಗೆ ಸೇರಿಕೊಂಡಿತ್ತು.

ಶರೀಯತ್ತಿನಂತೆ ಆಸ್ತಿ ಹಂಚುವ ವಿದ್ಯೆಯ ಹೆಸರು ಫರಾಯಿಜ್. ಮದರಸಾಗಳಲ್ಲಿ ಇದಕ್ಕೆ ಓದಿಸುವ 'ಸಿರಾಜಿ' ಗ್ರಂಥವನ್ನು ವಿಲಿಯಂ ಜೋನ್ಸ್ 1792ರಲ್ಲಿ ಕಲ್ಕತ್ತೆಯಲ್ಲಿ ಇಂಗ್ಲಿಷಿಗೆ ತಂದ. ಅದಕ್ಕೂ ಹಿಂದೆ, ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಬರೆದ ಬೀಜಗಣಿತದ ಪುಸ್ತಕದಲ್ಲೂ ದೊಡ್ಡ ಭಾಗ ಇಂಥ ಪಾಲಿನ ಲೆಕ್ಕಗಳೇ.

ಲೆಕ್ಕವನ್ನು ನಮ್ಮ ಗದ್ದೆಯ ಮೇಲೇ ಹಾಕಿ ನೋಡೋಣ. 4 ಎಕರೆ 80 ಸೆಂಟ್ಸ್ ಬಿಟ್ಟು ರೈತನೊಬ್ಬ ತೀರಿಕೊಂಡ ಎನ್ನಿ. ಹಿಂದೆ ಉಳಿದವರು ತಾಯಿ, ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಹನಫಿ ಪದ್ಧತಿಯಲ್ಲಿ ಹೆಂಡತಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು. ಮಿಕ್ಕಿದ್ದರಲ್ಲಿ ಮಗನಿಗೆ ಎರಡು ಪಾಲಾದರೆ ಪ್ರತಿ ಮಗಳಿಗೆ ಒಂದು. ಛೇದ 24 ಇಟ್ಟರೆ ಮಕ್ಕಳಿಗೆ 17 ಉಳಿಯುತ್ತದೆ. ಅದು ನಾಲ್ಕರಿಂದ ಭಾಗವಾಗದು. ಆದ್ದರಿಂದ ಛೇದವನ್ನು 96ಕ್ಕೆ ಏರಿಸುತ್ತಾರೆ. ಹೆಂಡತಿಗೆ 12, ತಾಯಿಗೆ 16, ಮಗನಿಗೆ 34, ಹೆಣ್ಣುಮಕ್ಕಳಿಗೆ ತಲಾ 17. ಒಂದು ಪಾಲಿಗೆ 5 ಸೆಂಟ್ಸ್. ಅಂದರೆ ಹೆಂಡತಿಗೆ 60 ಸೆಂಟ್ಸ್, ತಾಯಿಗೆ 80, ಮಗನಿಗೆ 1 ಎಕರೆ 70, ಒಬ್ಬೊಬ್ಬ ಮಗಳಿಗೆ 85 ಸೆಂಟ್ಸ್.

ಪಾಲುಗಳ ಮೊತ್ತ ಒಂದನ್ನು ಮೀರುವುದೂ ಉಂಟು. ಸತ್ತವಳಿಗೆ ಗಂಡ ಮತ್ತು ಇಬ್ಬರು ಒಡಹುಟ್ಟಿದ ಅಕ್ಕತಂಗಿಯರು ಮಾತ್ರ ಇದ್ದರೆ ಗಂಡನಿಗೆ ಅರ್ಧ, ಅವರಿಗೆ ಮೂರನೇ ಎರಡು: ಆರರಲ್ಲಿ ಏಳು! ಇಂಥ ಪ್ರಸಂಗದಲ್ಲಿ ಛೇದವನ್ನೇ ಏಳು ಮಾಡಿ ಎಲ್ಲರ ಪಾಲನ್ನೂ ಅಷ್ಟಷ್ಟು ತಗ್ಗಿಸುವ ಔಲ್ ಎಂಬ ಉಪಾಯ ಖಲೀಫ ಉಮರರ ಕಾಲದ್ದು. ಧರ್ಮಶಾಸ್ತ್ರ ಕಲ್ಲಿನಂತೆ ಕದಲದು ಎನ್ನುವವರು ಇದೊಂದನ್ನು ಗಮನಿಸಬೇಕು.

ಲೆಕ್ಕ ಬೇಕಾದವರು ಮಸೀದಿಯ ಇಮಾಮರನ್ನು ಕೇಳುತ್ತಾರೆ; ತೊಡಕಿದ್ದರೆ ಬೆಂಗಳೂರಿನ ಸಬೀಲುರ್ರಶಾದ್‌ನಂಥ ದೊಡ್ಡ ಮದರಸಾಗಳ ಮುಫ್ತಿಗಳಿದ್ದಾರೆ. ಪ್ರಶ್ನೆಯಲ್ಲಿ ನಿಜ ಹೆಸರು ಬೇಕಿಲ್ಲ. ಫತ್ವಾಗಳಲ್ಲಿ ಸಾಯುವವನು ಸಾಮಾನ್ಯವಾಗಿ ಜೈದ್. ಉತ್ತರಕ್ಕೂ ಒಂದು ಕ್ರಮವಿದೆ. ಮೊದಲು ಮಣ್ಣಿನ ಖರ್ಚು, ಆಮೇಲೆ ಸಾಲ, ಆಮೇಲೆ ಮೂರನೇ ಒಂದರ ಮಿತಿಯೊಳಗಿನ ವಸಿಯತ್ (ಉಯಿಲು), ಕೊನೆಗೆ ಪಾಲು. ಗಂಡ ಹೆಂಡತಿಗೆ ಕೊಡದೆ ಬಾಕಿ ಉಳಿಸಿದ ಮೆಹರ್ ಕೂಡ ಸಾಲವೇ. ನಿಕಾಹ್ ದಿನ ಬರೆದು ಮರೆತ ಮೊತ್ತ ಸೊಸೈಟಿಯ ಬೆಳೆಸಾಲದ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಎಲ್‌ಐಸಿ ಪಾಲಿಸಿಯ ನಾಮಿನಿ ಹಣ ಪಡೆಯುವವನೇ ಹೊರತು ಒಡೆಯನಲ್ಲ ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ಹೇಳಿದ್ದೂ ಈ ಲೆಕ್ಕಕ್ಕೆ ಹೊಂದುತ್ತಿತ್ತು (ನಾಮಿನಿಯ ಹಕ್ಕಿನ ನಿಯಮ 2015ರಲ್ಲಿ ಬದಲಾಗಿದೆ). ಫತ್ವಾ ಮಾತ್ರ ಯಾರನ್ನೂ ಕಟ್ಟಿಹಾಕದು. ಅದು ಅಭಿಪ್ರಾಯ, ಕಾನೂನಿನ ಬಲ ಅದಕ್ಕಿಲ್ಲ ಎಂದು 2014ರ ಜುಲೈನಲ್ಲಿ ಅದೇ ಕೋರ್ಟ್ ಸ್ಪಷ್ಟಪಡಿಸಿತು.

ಲೆಕ್ಕ ಕೈತಪ್ಪುವುದು ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಹೊತ್ತಿಗೆ. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರೇನೋ ಇರುತ್ತದೆ, ಜೊತೆಗೊಂದು ಹಕ್ಕು ಬಿಡುಗಡೆ ಪತ್ರವೂ ತಯಾರಾಗುತ್ತದೆ. ತವರಿನ ಬಾಗಿಲು ಮುಚ್ಚಬಾರದೆಂದು ಹೆಬ್ಬೆಟ್ಟು ಒತ್ತುವವರು ಲಿಂಗಾಯತರಲ್ಲೂ ಇದ್ದಾರೆ, ಕುರುಬರಲ್ಲೂ ಇದ್ದಾರೆ, ಪಿಂಜಾರರಲ್ಲೂ ಇದ್ದಾರೆ. ಆದರೆ ಇಂಥ ಕಾಗದದ ಮೇಲಿನ ತ್ಯಾಗವನ್ನು ಅನೇಕ ಮುಫ್ತಿಗಳು ಒಪ್ಪುವುದಿಲ್ಲ. ಮೊದಲು ಪಾಲನ್ನು ಅವಳ ಕೈಗೆ ಕೊಡಿ, ಆಮೇಲೆ ಬೇಕಿದ್ದರೆ ಅವಳೇ ಮರಳಿ ಕೊಡಲಿ ಎನ್ನುತ್ತಾರೆ. ಮಗನಿಗೆ ಎರಡು, ಮಗಳಿಗೆ ಒಂದು ನ್ಯಾಯವೇ ಎಂಬ ವಾದ ಟಿವಿಯಲ್ಲಿ ಜೋರಾಗಿದೆ, ಇರಲಿ. ನನಗೆ ಅದಕ್ಕಿಂತ ಮೊದಲು ಕಾಣುವುದು ಆ 85 ಸೆಂಟ್ಸ್ ಎಲ್ಲಿ ಹೋಯಿತು ಎಂಬ ಪ್ರಶ್ನೆ.

ಶಾಸ್ತ್ರದ ಒಳಗೇ ನೋಯುವ ಜಾಗಗಳೂ ಇವೆ. ತಂದೆಗಿಂತ ಮೊದಲೇ ಮಗ ಸತ್ತರೆ, ಇನ್ನೊಬ್ಬ ಮಗ ಬದುಕಿರುವಾಗ, ಸತ್ತವನ ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ಪಾಲಿಲ್ಲ. ಈಜಿಪ್ಟ್ 1946ರಲ್ಲಿ ಕಡ್ಡಾಯ ವಸಿಯತ್ ಮೂಲಕ, ಪಾಕಿಸ್ತಾನ 1961ರ ಸುಗ್ರೀವಾಜ್ಞೆಯಿಂದ ಇದನ್ನು ಸರಿಪಡಿಸಿದವು. ಇಲ್ಲಿ ಅಜ್ಜನೇ ಎಚ್ಚರಗೊಂಡು ವಸಿಯತ್ ಬರೆಯಬೇಕು. ಗಂಡುಮಕ್ಕಳಿಲ್ಲದ ಮನೆಯದು ಇನ್ನೊಂದು ಸಂಕಟ. ಒಬ್ಬಳೇ ಮಗಳಿದ್ದರೆ ಅರ್ಧ; ಇಬ್ಬರಿರಲಿ, ಎಷ್ಟೇ ಇರಲಿ, ಅವರೆಲ್ಲರಿಗೆ ಸೇರಿ ಮೂರನೇ ಎರಡು. ಮಿಕ್ಕಿದ್ದರಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರಿಗೂ ಪಾಲು. ಕಾಸರಗೋಡು ಜಿಲ್ಲೆಯ ವಕೀಲ, ನಟ ಸಿ. ಶುಕ್ಕೂರ್ ಮತ್ತು ಅವರ ಪತ್ನಿ ಶೀನಾ ಮೂವರು ಹೆಣ್ಣುಮಕ್ಕಳಿಗಾಗಿ 2023ರ ಮಾರ್ಚ್ 8ರಂದು ಕಾಞಂಗಾಡಿನಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ಮತ್ತೆ ಮದುವೆಯಾದರು. ಹಾಗೆ ಮಾಡಿದರೆ ಆಸ್ತಿಗೆ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಕೆಲವು ಧಾರ್ಮಿಕ ವಿದ್ವಾಂಸರು ಟೀಕಿಸಿದರು.

ಅಷ್ಟು ದೂರ ಹೋಗಲಾರದವರಿಗೆ ಶರೀಯತ್ತಿನಲ್ಲೇ ಇರುವ ದಾರಿ ಹಿಬಾ, ಅಂದರೆ ಬದುಕಿರುವಾಗಲೇ ಮಾಡುವ ದಾನ. ಮೂರನೇ ಒಂದರ ಮಿತಿ ಇದಕ್ಕಿಲ್ಲ. ಕೊಟ್ಟೆ ಎನ್ನಬೇಕು, ಪಡೆದೆ ಎನ್ನಬೇಕು, ಸ್ವಾಧೀನ ಬಿಟ್ಟುಕೊಡಬೇಕು. ಈ ಮೂರೂ ಇದ್ದರೆ ಬರೆದ ಪತ್ರ ನೋಂದಣಿಯಾಗದಿದ್ದರೂ ನಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪಿತ್ತಿದೆ. ಎಡವುವುದು ಮೂರನೆಯದರಲ್ಲಿ. ಮಗಳ ಹೆಸರಿಗೆ ಬರೆದು, ಮುಂದಿನ ವರ್ಷವೂ ಅಪ್ಪನೇ ನಾಟಿ ಮಾಡಿಸಿ ಭತ್ತ ಮಾರಿಕೊಂಡರೆ ನಾಳೆ ಕೋರ್ಟಿನಲ್ಲಿ ಅಣ್ಣನ ವಕೀಲರು ಮೊದಲು ಕೇಳುವುದೇ ಅದನ್ನು. ಪಹಣಿ ಬದಲಾಗಬೇಕು, ಗುತ್ತಿಗೆಗೆ ಕೊಟ್ಟರೆ ಗುತ್ತಿಗೆಯ ಹಣ ಅವಳ ಖಾತೆಗೆ ಹೋಗಬೇಕು, ನೀರಿನ ಕಂದಾಯದ ರಸೀದಿಯೂ ಅವಳ ಹೆಸರಿನಲ್ಲಿರಬೇಕು.