ಇಗರ್ಜಿಯ ಮಗ್ಗುಲಿನ ಪಾಠಶಾಲೆ

ಆಟಿ ತಿಂಗಳ ಮಳೆಯನ್ನು ಕಂಡವರಿಗೆ ಅದನ್ನು ವರ್ಣಿಸಬೇಕಾದುದಿಲ್ಲ. ಕಾಣದವರಿಗೆ ಎಷ್ಟು ವರ್ಣಿಸಿದರೂ ಸಾಲದು. ಅಂತಹ ಮಳೆಯ ಒಂದು ಬೆಳಗ್ಗೆ ನಾವು ಮಂಗಳೂರಿನ ಮೂಡಣ ದಿಕ್ಕಿನಲ್ಲಿ, ನೇತ್ರಾವತಿಗೆ ಬಹುದೂರವಲ್ಲದ ಒಂದು ಗ್ರಾಮದ ಕಥೋಲಿಕ ಪ್ರಾಥಮಿಕ ಪಾಠಶಾಲೆಯನ್ನು ನೋಡಲು ಹೋಗಿದ್ದೆವು. ಶಾಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹಳೆಯ ಇಗರ್ಜಿಗಳ ಮಗ್ಗುಲಲ್ಲಿ ಇಂತಹ ಕನ್ನಡ ಶಾಲೆಗಳು ಅನೇಕವಿವೆ. ಒಂದರ ವಿಷಯವಾಗಿ ಹೇಳಿದುದು ಉಳಿದವಕ್ಕೂ ಬಹುಮಟ್ಟಿಗೆ ಸಲ್ಲುವುದರಿಂದ, ವಾಚಕರು ತಮಗೆ ಪರಿಚಿತವಾದ ಹೆಸರನ್ನು ಹಾಕಿಕೊಂಡು ಓದಬಹುದು. ಇಗರ್ಜಿಯೆಂದರೆ ಕ್ರೈಸ್ತ ದೇವಾಲಯ; ಪೋರ್ತುಗೀಸರ ಮಾತಿನಿಂದ ಕೊಂಕಣಿಗೂ, ಅಲ್ಲಿಂದ ಆ ಸೀಮೆಯ ಕನ್ನಡಕ್ಕೂ ಬಂದ ಶಬ್ದವದು.

ಶಾಲೆಯು ಹೆಂಚಿನ ಮಾಡಿನ ಉದ್ದನೆಯ ಕಟ್ಟಡ. ಮುಂದೆ ಜಗಲಿ, ಜಗಲಿಯ ಕೆಳಗೆ ಆಟದ ಬಯಲು, ಬಯಲಿನಾಚೆ ಇಗರ್ಜಿ. ನಾವು ಹೋದಾಗ ಪ್ರಾರ್ಥನೆಯ ಗಂಟೆ ಆಗಿದ್ದಿತು. ಬಯಲಿನಲ್ಲಿ ನೀರು ನಿಂತಿದ್ದುದರಿಂದ ಮಕ್ಕಳೆಲ್ಲರನ್ನೂ ಜಗಲಿಯ ಮೇಲೆಯೇ ಸಾಲಾಗಿ ನಿಲ್ಲಿಸಿದ್ದರು. ಗೋಡೆಯ ಬುಡದಲ್ಲಿ, ತರಗತಿ ತರಗತಿಯ ಬಾಗಿಲ ಮುಂದೆ, ಬಿಚ್ಚಿಟ್ಟ ಕೊಡೆಗಳು ನೀರು ಸುರಿಸುತ್ತಿದ್ದುವು. "ನಾನು ಈ ಶಾಲೆಗೆ ಬಂದ ವರ್ಷ ಕೊಡೆ ಬಿಚ್ಚಿಡಲು ಸ್ಥಳವಿರಲಿಲ್ಲ. ಮಡಚಿ ಒಂದರ ಮೇಲೊಂದು ಒರಗಿಸಬೇಕಾಗಿತ್ತು" ಎಂದು ಮುಖ್ಯೋಪಾಧ್ಯಾಯಿನಿಯವರು ಹೇಳಿದರು. ಅವರು ಸಂನ್ಯಾಸಿನಿ, ಊರಿನವರೆಲ್ಲ, ಯಾವ ಮತದವರೇ ಆಗಲಿ, ಅವರನ್ನು 'ಸಿಸ್ಟರ್' ಎಂದೇ ಕರೆಯುವರು. ಅವರು ಅತ್ತ ತಿರುಗಿದಾಗ ನಾವು ಒಂದನೆಯ ತರಗತಿಯ ಬಾಗಿಲಲ್ಲಿದ್ದ ಕೊಡೆಗಳನ್ನು ಎಣಿಸಿದೆವು. ಒಂಬತ್ತು ಇದ್ದುವು.

ಈ ಬಗೆಯ ಶಾಲೆಗಳು ಹುಟ್ಟಿದ ಕಾಲದಲ್ಲಿ ಕನ್ನಡ ಜಿಲ್ಲೆಯು ಮದ್ರಾಸು ಆಧಿಪತ್ಯಕ್ಕೆ ಸೇರಿದ್ದಿತು. 1854ರ ಶಿಕ್ಷಣಪತ್ರದ ತರುವಾಯ ಖಾಸಗಿಯವರು ನಡೆಯಿಸುವ ಶಾಲೆಗಳಿಗೂ ಸರಕಾರವು ಸಹಾಯಧನ ಕೊಡುವ ಪದ್ಧತಿ ಬಂದಿತು. 1870ರಲ್ಲಿ ಕಾರ್ಮೆಲ್ ಸಭೆಯ ಸಂನ್ಯಾಸಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಕೈಯಿಕ್ಕಿದರು; 1878ರ ಕೊನೆಯ ದಿನ ಬಂದಿಳಿದ ಯೇಸುಸಭೆಯ ಪಾದ್ರಿಗಳು 1880ರಲ್ಲಿ ಸೈಂಟ್ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು; 1886ರಲ್ಲಿ ಮಂಗಳೂರು ಒಂದು ಧರ್ಮಪ್ರಾಂತವಾಯಿತು. ಪಟ್ಟಣದ ಈ ದೊಡ್ಡ ಸಂಸ್ಥೆಗಳ ಕೀರ್ತಿ ಎಲ್ಲರಿಗೂ ತಿಳಿದುದೇ. ಹಳ್ಳಿಯ ಇಗರ್ಜಿ ಶಾಲೆಗಳ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೂ ಗದ್ದೆಯ ಕೆಲಸದವರ, ಬೀಡಿ ಕಟ್ಟುವವರ, ಹೆಂಚಿನ ಕಾರ್ಖಾನೆಯ ಕೂಲಿಗಳ ಮಕ್ಕಳಿಗೆ ಅಕ್ಷರ ಕಲಿಸಿದುದರಲ್ಲಿ ಅವುಗಳ ಪಾಲು ದೊಡ್ಡದು.

ಅಲ್ಲಿಯ ಭಾಷೆಗಳ ಸಂಗತಿಯೂ ವಿನೋದವಾದುದೇ. ಕಥೋಲಿಕರ ಮನೆಯ ಮಾತು ಕೊಂಕಣಿ, ನೆರೆಮನೆಯ ಹಿಂದೂಗಳದು ಬಹುಮಟ್ಟಿಗೆ ತುಳು, ಮುಸಲ್ಮಾನರದು ಬ್ಯಾರಿ. ಮೂವರೂ ಕನ್ನಡವನ್ನು ಕಲಿಯುವುದು ಶಾಲೆಯ ಬೆಂಚಿನ ಮೇಲೆ. ಅದು ಗ್ರಂಥದ ಕನ್ನಡ. 'ಹೋಗುತ್ತೇನೆ, ಬರುತ್ತೇನೆ' ಎಂದು ಒಂದಕ್ಷರವನ್ನೂ ನುಂಗದೆ ಆಡುವ ಕನ್ನಡ. ಈಚೆಗೆ ಈ ಶಾಲೆಗೆ ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೂ ಸೇರಿರುವರು. ಕನ್ನಡವನ್ನು ತಾಯ ಮೊಲೆಹಾಲಿನೊಡನೆ ಕುಡಿದವರು ಶಾಲೆಯಲ್ಲಿ ಅವರೇ! ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು "ಟೀಚರ್ರ, ಹೊರಗ ಯಾರೋ ಬಂದಾರ ನೋಡ್ರಿ" ಎಂದು ನಮ್ಮನ್ನು ತೋರಿಸಿದಾಗ ಇಡೀ ತರಗತಿಯು ನಕ್ಕಿತು. ಆ ನಗೆಯಲ್ಲಿ ಹೀಯಾಳಿಕೆಯಿರಲಿಲ್ಲವೆಂಬುದು ಮರುಕ್ಷಣವೇ ತಿಳಿಯಿತು. ಹಿಂದಿನ ಬೆಂಚಿನ ಕೊಂಕಣಿ ಹುಡುಗನೊಬ್ಬನು ಅದೇ ರಾಗದಲ್ಲಿ "ಬರ್ರಿ, ಕೂಡ್ರಿ" ಎಂದು ನಮ್ಮನ್ನು ಸ್ವಾಗತಿಸಿದನು.

ಪಾಠಗಳ ವಿಷಯ ಎಲ್ಲೆಡೆಯಂತೆಯೇ, ಅದನ್ನು ವಿಸ್ತರಿಸುವುದಿಲ್ಲ. ನಿವೃತ್ತರಾದ ಉಪಾಧ್ಯಾಯರ ಸ್ಥಾನಕ್ಕೆ ಹೊಸಬರನ್ನು ನೇಮಿಸಲು ಬಹುಕಾಲ ಅನುಮತಿ ದೊರೆಯದೆ, ಎರಡೆರಡು ತರಗತಿಗಳನ್ನು ಒಟ್ಟಿಗೆ ಕೂರಿಸಿರುವರು. ಗೌರವ ಶಿಕ್ಷಕಿಯರಿಬ್ಬರು ಅಲ್ಪ ವೇತನಕ್ಕೆ ದುಡಿಯುವರು. ಅದನ್ನು ಆಡಳಿತದವರೂ ಹಳೆಯ ವಿದ್ಯಾರ್ಥಿಗಳೂ ಸೇರಿ ಕೊಡುವರು. ಮಧ್ಯಾಹ್ನದ ಊಟವು ಸರಕಾರದ ಅಕ್ಷರದಾಸೋಹದಿಂದ. 2013ರಿಂದ ಹಾಲು ಕೂಡ ಉಂಟು. ಮೊಟ್ಟೆಯ ದಿನ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಅಡುಗೆಯ ಹೆಂಗಸರು ಇದೇ ಊರಿನ ತಾಯಂದಿರು. ಯಾವ ಮಗುವು ಸಾರನ್ನು ಮುಟ್ಟದು, ಯಾವುದು ಎರಡನೆಯ ಸಲ ಕೇಳಲು ನಾಚುವುದು ಎಂಬುದೆಲ್ಲ ಅವರಿಗೆ ಬಾಯಿಪಾಠ.

ನಾವು ಹೋದುದು ಮುಖ್ಯವಾಗಿ ಮುಂದಿನ ತಿಂಗಳುಗಳ ಸಿದ್ಧತೆಯನ್ನು ನೋಡಲು. ಶಾಲೆಯಲ್ಲಿ ವರ್ಷದ ಅತ್ಯಂತ ಗಡಿಬಿಡಿಯ ಕಾಲವೆಂದರೆ ಆಗಸ್ಟ್ 15ರಿಂದ ಸೆಪ್ಟೆಂಬರ್ 8ರ ವರೆಗೆ. ಆಗಸ್ಟ್ 15 ಸ್ವಾತಂತ್ರ್ಯದ ದಿನವಾಗಿರುವಂತೆ ಕಥೋಲಿಕರಿಗೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬವೂ ಆಗಿದೆ. ಆದುದರಿಂದ ಬೆಳಗ್ಗೆ ಇಗರ್ಜಿಯಲ್ಲಿ ಬಲಿಪೂಜೆ, ಅದು ಮುಗಿದೊಡನೆ ಜನರೆಲ್ಲರೂ ಬಯಲನ್ನು ದಾಟಿ ಬಂದು ಧ್ವಜದ ಮುಂದೆ ನಿಲ್ಲುವರು. ಸೆಪ್ಟೆಂಬರ್ 5ರ ಶಿಕ್ಷಕರ ದಿನ ಏಳನೆಯ ತರಗತಿಯವರೇ ಉಪಾಧ್ಯಾಯರಾಗುವರು. ಕಳೆದ ವರ್ಷ ಗಣಿತದ 'ಉಪಾಧ್ಯಾಯಿನಿ'ಯು ಒಂದೂ ಲೆಕ್ಕ ಕೊಡದೆ ಗಂಟೆಯೆಲ್ಲ ಮಕ್ಕಳನ್ನು ಸುಮ್ಮನಿರಿಸುವುದರಲ್ಲಿಯೇ ಕಳೆದು, ಸಂಜೆ ತನ್ನ ಟೀಚರಿನ ಬಳಿ ಹೋಗಿ ಕ್ಷಮೆ ಕೇಳಿದಳಂತೆ.

ಇವೆಲ್ಲಕ್ಕಿಂತ ದೊಡ್ಡದು ಮೊಂತಿ ಹಬ್ಬ. ಮರಿಯಮ್ಮನವರ ಜನ್ಮದಿನವಾದ ಸೆಪ್ಟೆಂಬರ್ 8ರಂದು ಕರಾವಳಿಯ ಕಥೋಲಿಕರು ಹೊಸ ಬತ್ತದ ತೆನೆಯನ್ನು ಇಗರ್ಜಿಗೆ ತಂದು ಆಶೀರ್ವಾದ ಪಡೆದು ಮನೆಗೊಯ್ಯುವರು. 'ಮೊಂತಿ'ಯು ಗುಡ್ಡವೆಂಬರ್ಥದ ಪೋರ್ತುಗೀಸ್ ಶಬ್ದದಿಂದ ಬಂದುದೆಂದೂ, ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಈ ಹಬ್ಬವು ಮೊದಲಾಯಿತೆಂದೂ ಹೇಳುವರು. ಹಬ್ಬಕ್ಕೆ ಮುಂಚೆ, ಆಗಸ್ಟ್ 30ರಿಂದ ಒಂಬತ್ತು ದಿನ, ಮಕ್ಕಳು ಹೂವು ತರುವ ಪದ್ಧತಿಯುಂಟು. ತಟ್ಟೆಯಲ್ಲಿಯೋ ಬುಟ್ಟಿಯಲ್ಲಿಯೋ ಹೂವನ್ನು ಹಿಡಿದು ಸಾಲಾಗಿ ಬಂದು, ಹಾಡುತ್ತ, ಶಿಶು ಮರಿಯಮ್ಮನ ಪ್ರತಿಮೆಯ ಮೇಲೆ ಎರಚುವರು. ಆ ಬಳಿಕ ಅವರಿಗೆ ಸಿಹಿತಿಂಡಿಯ ಹಂಚಿಕೆ. ಹಬ್ಬದ ದಿನ ಕಬ್ಬು! ಆಳೆತ್ತರದ ಕಬ್ಬನ್ನು ಹೆಗಲಿಗಿಟ್ಟುಕೊಂಡು ಮಕ್ಕಳು ಮನೆಗೆ ಹೋಗುವ ನೋಟವನ್ನು ಆ ಊರಿನ ಮುದುಕರೂ ಮರೆತಿಲ್ಲ.

ಮನೆಯಲ್ಲಿ ಅಂದು ಮೀನೂ ಇಲ್ಲ, ಮಾಂಸವೂ ಇಲ್ಲ. ಮೂರು, ಐದು, ಏಳು, ಹೀಗೆ ಬೆಸಸಂಖ್ಯೆಯ ಕಾಯಿಪಲ್ಯಗಳನ್ನು ಮಾಡಿ ಬಾಳೆಯೆಲೆಯಲ್ಲಿ ಬಡಿಸುವರು. ತೆನೆಯಿಂದ ಬಿಡಿಸಿದ ಕಾಳನ್ನು ಅರೆದು ಹಾಲಿನಲ್ಲಿ ಕಲಸಿ, ಮನೆಯ ಹಿರಿಯನು ಎಲ್ಲರಿಗೂ ಕೊಡುವನು. ಮುಂಬಯಿಯಲ್ಲಿಯೋ ಕೊಲ್ಲಿದೇಶದಲ್ಲಿಯೋ ಇರುವ ಮಕ್ಕಳಿಗೆ ತೆನೆಯ ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸುವುದೂ ಉಂಟು. ತುಳುವರ ಮನೆಗಳಲ್ಲಿಯೂ ಕದಿರು ಕಟ್ಟಿ ಹೊಸ ಅಕ್ಕಿಯ ಊಟ ಮಾಡುವ ಪದ್ಧತಿಯಿರುವುದರಿಂದ ನೆರೆಯವರಿಗೆ ಈ ಹಬ್ಬವು ಅಪರಿಚಿತವೆನಿಸದು. ಶಾಲೆಯ ಹಿಂದೂ ಮಕ್ಕಳನೇಕರು ತಾವಾಗಿಯೇ ಹೂವು ತರುವರು. ತರಬೇಕೆಂಬ ನಿರ್ಬಂಧವಿಲ್ಲ, ತಂದವರಿಗೆ ಸಿಹಿ, ತರದವರಿಗೂ ಸಿಹಿ.

ತೆನೆಯೇ ಈಗ ಕಷ್ಟ. ಊರಿನ ಗದ್ದೆಗಳಲ್ಲಿ ಬಹುಪಾಲು ಅಡಿಕೆ ತೋಟಗಳಾಗಿವೆ. ಏಣೆಲು ಬೆಳೆಯ ಕುಯಿಲಿಗೆ ಸೆಪ್ಟೆಂಬರ್ ತುಸು ಮುಂಚೆಯೇ ಆಗುವುದರಿಂದ, ಹಬ್ಬದ ತೆನೆಗೆಂದೇ ಯಾರಾದರೂ ಬೇಗನೆ ಬಿತ್ತಬೇಕು. ಇಲ್ಲಿ ಒಬ್ಬ ಬಂಟರ ಮನೆಯವರು ಆ ಕೆಲಸವನ್ನು ಮಾಡುತ್ತ ಬಂದಿರುವರು. ಜೂನ್ ತಿಂಗಳಲ್ಲಿ ಮಕ್ಕಳನ್ನು ಅದೇ ಗದ್ದೆಗೆ ಕರೆದೊಯ್ದು ನೇಜಿ ನೆಡಿಸಿದ್ದರು. ಸಾಲುಗಳು ಡೊಂಕಾದುವಂತೆ, ಮನೆಯ ಯಜಮಾನಿಯು "ಇರಲಿ ಬಿಡಿ, ಅಕ್ಕಿ ನೆಟ್ಟಗೇ ಬರುತ್ತದೆ" ಎಂದರಂತೆ.

ಈ ವರ್ಷ ಸೆಪ್ಟೆಂಬರ್ 8ರ ಪೂಜೆಯ ಬಳಿಕ ಇನ್ನೊಂದು ಕಾರ್ಯಕ್ರಮವೂ ಉಂಟು. ಶಾಲೆಯ ಹಳೆಯ ವಿದ್ಯಾರ್ಥಿಗಳು, ರಕ್ಷಕರು, ಊರಿನ ಹತ್ತು ಮಂದಿ, ಎಲ್ಲರೂ ಶಾಲೆಯ ಜಗಲಿಯಲ್ಲಿ ಸೇರಬೇಕೆಂದು ಸಿಸ್ಟರೂ ವಿಚಾರಣೆಯ ಪಾದ್ರಿಗಳೂ ಕರೆ ಕಳುಹಿಸಿರುವರು. ವಿಷಯವು ಒಂದೇ: ಬರುವ ಜೂನಿನಲ್ಲಿ ಒಂದನೆಯ ತರಗತಿಯನ್ನು ತೆರೆಯುವುದೋ ಬೇಡವೋ.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಬಯಲಿನ ಆಚೆ ಅಂಚಿನಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಯ ಮೂರಂತಸ್ತಿನ ಕಟ್ಟಡ ನಿಂತಿದೆ. ಎರಡೂ ಒಂದೇ ಆಡಳಿತದವು. ಅದಕ್ಕೆ ಹಳದಿ ಬಣ್ಣದ ಬಸ್ಸುಗಳಿವೆ, ಇದಕ್ಕಿಲ್ಲ. ಅಲ್ಲಿ ನಾಲ್ಕು ವರ್ಷಕ್ಕೇ ಮಗುವನ್ನು ಸೇರಿಸಿಕೊಳ್ಳುವರು. ಇಲ್ಲಿ ಆರು ತುಂಬಬೇಕು. 1ರಿಂದ 4ನೆಯ ತರಗತಿಯವರೆಗೆ ತಾಯ್ನುಡಿ ಅಥವಾ ಕನ್ನಡದಲ್ಲಿಯೇ ಕಲಿಸಬೇಕೆಂದು ರಾಜ್ಯ ಸರಕಾರವು 1994ರಲ್ಲಿ ವಿಧಿಸಿದ್ದಿತು. ಹಾಗೆ ಬಲಾತ್ಕರಿಸಲಾಗದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಕಾನೂನಿನ ಮಾತು ಏನೇ ಇರಲಿ, ತಂದೆತಾಯಂದಿರ ತೀರ್ಮಾನವು ಅದಕ್ಕೂ ಮುಂಚೆಯೇ ಆಗಿಹೋಗಿದ್ದಿತು.

ಜಗಲಿಯಲ್ಲಿ ಮಳೆ ನಿಲ್ಲುವುದನ್ನು ಕಾಯುತ್ತಿದ್ದ ವೃದ್ಧರೊಬ್ಬರು ನಮಗೆ ಸಿಕ್ಕಿದರು. ಈ ಶಾಲೆಯಲ್ಲಿಯೇ ಏಳನೆಯ ತರಗತಿಯವರೆಗೆ ಓದಿದವರು. ಗೋಡೆಯ ಮೇಲಿನ ಒಂದು ಗಡಿಯಾರವನ್ನು ತೋರಿಸಿ, "ಅದು ನನ್ನ ಮಗ ಕೊಟ್ಟದ್ದು. ಅವನೂ ಇಲ್ಲಿಯೇ ಕಲಿತದ್ದು. ಈಗ ದುಬಾಯಿಯಲ್ಲಿ ಇದ್ದಾನೆ. ಶಾಲೆಯ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಹಣ ಕಳುಹಿಸುತ್ತಾನೆ" ಎಂದರು. ಮೊಮ್ಮಕ್ಕಳು ಎಲ್ಲಿ ಓದುವರೆಂದು ನಾವು ಕೇಳಿದೆವು. ಅವರು ಬಯಲಿನ ಆಚೆಗೆ ನೋಡಿದರು. "ಹಣ ಕಳುಹಿಸುತ್ತಾನೆ. ಮಗನನ್ನು ಕಳುಹಿಸುವುದಿಲ್ಲ" ಎಂದು ಸ್ವಲ್ಪ ಹೊತ್ತಿನ ಮೇಲೆ ಹೇಳಿದರು. ನಮ್ಮ ಮನೆಯ ಮಕ್ಕಳೂ ಇಂಗ್ಲಿಷ್ ಶಾಲೆಗೇ ಹೋಗುತ್ತಿರುವುದರಿಂದ ನಾವು ಮಾತನ್ನು ಮುಂದುವರಿಸಲಿಲ್ಲ.

ಸಿಸ್ಟರಿಗೆ ಈ ವಿಷಯದಲ್ಲಿ ಯಾರ ಮೇಲೆಯೂ ಕೋಪವಿದ್ದಂತೆ ಕಾಣಲಿಲ್ಲ. ಸಭೆಯಲ್ಲಿ ಅವರು ಕೇಳಬೇಕೆಂದಿರುವುದು ಎರಡೇ: ಒಂದು ಸಣ್ಣ ವಾಹನ, ಮತ್ತು ನಾಲ್ಕು ವರ್ಷದ ಮಕ್ಕಳಿಗಾಗಿ ಒಂದು ಶಿಶುವಿಹಾರ. ಕನ್ನಡದ ಜೊತೆಗೆ ಇಂಗ್ಲಿಷನ್ನು ಒಂದನೆಯ ತರಗತಿಯಿಂದಲೇ ಚೆನ್ನಾಗಿ ಹೇಳಿಕೊಡಲು ಗೌರವ ಶಿಕ್ಷಕಿಯರಲ್ಲಿ ಒಬ್ಬರು ಒಪ್ಪಿರುವರು. ಪಾದ್ರಿಗಳು ಇದಕ್ಕಿಂತ ಸ್ಪಷ್ಟವಾಗಿ ಮಾತಾಡಿದರು. ಎರಡು ಶಾಲೆಗಳನ್ನು ನಡೆಯಿಸುವ ಬಲ ಈ ಸಣ್ಣ ವಿಚಾರಣೆಗಿಲ್ಲವೆಂದೂ, ಮಕ್ಕಳಿಲ್ಲದ ಶಾಲೆಯನ್ನು ಅಭಿಮಾನಕ್ಕಾಗಿ ಇಟ್ಟುಕೊಳ್ಳುವುದು ಮಕ್ಕಳಿಗೇ ಅನ್ಯಾಯವೆಂದೂ ಅವರ ಅಭಿಪ್ರಾಯ. "ಆದರೆ ಫಾದರ್, ಮುಚ್ಚಿದರೆ ಬಾಗಲಕೋಟೆಯ ಮಕ್ಕಳು ಎಲ್ಲಿಗೆ ಹೋಗುವುದು? ಆಚೆಯ ಶುಲ್ಕವನ್ನು ಅವರು ಹೇಗೆ ಕೊಡುವುದು?" ಎಂದು ಸಿಸ್ಟರು ಕೇಳಿದರು. ಪಾದ್ರಿಗಳು "ಅದನ್ನೇ ಸಭೆಯಲ್ಲಿ ಕೇಳಿ" ಎಂದರು. ಇಬ್ಬರ ಮಾತಿನಲ್ಲಿಯೂ ನ್ಯಾಯವಿದ್ದಂತೆ ನಮಗೆ ತೋರಿತು. ಹತ್ತಿರದ ಸರಕಾರಿ ಶಾಲೆಯು ನದಿಯ ಬದಿಯಲ್ಲಿದೆ. ಸಣ್ಣ ಮಕ್ಕಳು ಮಳೆಗಾಲದಲ್ಲಿ ನಡೆದುಹೋಗುವಷ್ಟು ದೂರವಲ್ಲ ಅದು.

ಸಭೆಯ ಫಲವು ಏನೇ ಆಗಲಿ, ಈ ವರ್ಷದ ಕಾರ್ಯಗಳು ನಡೆಯತಕ್ಕವೇ. ಪ್ರತಿಭಾ ಕಾರಂಜಿಗೆ ಅಭಿನಯಗೀತೆಯ ಅಭ್ಯಾಸವಾಗುತ್ತಿದೆ. ಆಟೋಟದ ಸ್ಪರ್ಧೆಗೆ ಖೋ ಖೋ ತಂಡವನ್ನು ಹೂಡುವಷ್ಟು ಹುಡುಗಿಯರು ಸಿಗದೆ ಐದನೆಯ ತರಗತಿಯವರನ್ನೂ ಸೇರಿಸಿಕೊಂಡಿರುವರು. ನವೆಂಬರದಲ್ಲಿ ರಾಜ್ಯೋತ್ಸವ, ಮಕ್ಕಳ ದಿನ. ಡಿಸೆಂಬರದಲ್ಲಿ ಕ್ರಿಸ್ತಜಯಂತಿಯ ಗೋದಲಿ, ಬಿದಿರಿನ ಸೀಳಿನ ನಕ್ಷತ್ರಗಳು, ಅದರ ಬೆನ್ನಿಗೇ ವಾರ್ಷಿಕೋತ್ಸವ. ವಾರ್ಷಿಕೋತ್ಸವದಲ್ಲಿ ಮಕ್ಕಳ ಯಕ್ಷಗಾನವಾಗಬೇಕೆಂದು ಏಳನೆಯ ತರಗತಿಯವರು ಹಟ ಹಿಡಿದಿರುವರಂತೆ. ಬ್ಯಾರಿ ಹುಡುಗನೊಬ್ಬನು ಈಗಾಗಲೇ ಬಣ್ಣದ ವೇಷವನ್ನು ತನ್ನದೆಂದು ಹಿಡಿದಿಟ್ಟುಕೊಂಡಿದ್ದಾನೆ.

ಮಧ್ಯಾಹ್ನದ ಹೊತ್ತಿಗೆ ಮಳೆ ಸ್ವಲ್ಪ ಬಿಟ್ಟಿತು. ಶಾಲೆಯ ಹಿಂಬದಿಯಲ್ಲಿ, ಹೂವಿನ ಒಂಬತ್ತು ದಿನಗಳಿಗೆಂದೇ ಮಕ್ಕಳು ಕರ್ಣಕುಂಡಲದ ಗಿಡಗಳನ್ನು ಪಾತಿಮಾಡಿ ಬೆಳೆಸಿದ್ದರು. ಮನೆಯ ಅಂಗಳವಿಲ್ಲದ ಮಕ್ಕಳು, ಎಂದರೆ ಕಟ್ಟಡದ ಕೆಲಸದ ಬಿಡಾರಗಳಲ್ಲಿರುವವರು, ಹೂವಿಗೆ ಎಲ್ಲಿ ಹೋಗಬೇಕೆಂದು ಸಿಸ್ಟರು ಹೂಡಿದ ಉಪಾಯವದು. ಹಿಂದಿನ ರಾತ್ರಿಯ ಗಾಳಿಗೆ ಗಿಡಗಳಲ್ಲಿ ಅರ್ಧದಷ್ಟು ಅಡ್ಡಬಿದ್ದಿದ್ದುವು. ಒಂದನೆಯ ತರಗತಿಯ ಒಂಬತ್ತು ಮಕ್ಕಳೂ ಕೆಸರಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಅಡುಗೆಯ ಹೆಂಗಸು ಸೀಳಿ ಕೊಟ್ಟ ಬಿದಿರಿನ ಕಡ್ಡಿಗಳಿಗೆ ಗಿಡಗಳನ್ನು ಬಾಳೆನಾರಿನಿಂದ ಕಟ್ಟುತ್ತಿದ್ದರು. "ಮೂವತ್ತಕ್ಕೆ ಅರಳುತ್ತದಾ ಸಿಸ್ಟರ್?" ಎಂದು ಒಬ್ಬನು ಕೇಳಿದನು. ಸಿಸ್ಟರು ಬಗ್ಗಿ ಒಂದು ಮೊಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿ, ಕಟ್ಟು ಸಡಿಲವಾಗಿದೆ, ಇನ್ನೊಂದು ಸುತ್ತು ಹಾಕು ಎಂದರು.