ತಂದೆಯೊಂದಿಗಿನ ಕಹಿ ಸಂಬಂಧ: ಜೀವನಾಂಶದ ಹೊಣೆ ಮತ್ತು ಮನಸ್ಸಿನ ಚೇತರಿಕೆ

ತಂದೆ-ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರ ಮೇರೆಗೆ ನ್ಯಾಯಮಂಡಳಿಯಿಂದ ನೋಟೀಸು ಪಡೆಯುವ ಮಕ್ಕಳೆಲ್ಲರೂ ಹೆತ್ತವರನ್ನು ಕಡೆಗಣಿಸಿದ ಕೃತಘ್ನರಲ್ಲ. ಅವರ ಪೈಕಿ ಕೆಲವರು ಬಾಲ್ಯದಲ್ಲಿ ತಂದೆಯಿಂದಲೇ ಪೆಟ್ಟು ತಿಂದವರು, ಇಲ್ಲವೇ ತಂದೆ ಬಿಟ್ಟುಹೋದ ಮನೆಯಲ್ಲಿ ತಾಯಿಯ ಕೂಲಿಯಿಂದ ಬೆಳೆದವರು. ರಾಜ್ಯದಲ್ಲಿ ಸಾರಾಯಿ ಮಾರಾಟವು 2007ರ ಜುಲೈ 1ರಿಂದ ನಿಷೇಧಗೊಂಡಿತು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಬಟವಾಡೆಯ ದಿನ ತಂದೆಯ ಹೆಜ್ಜೆ ಸಪ್ಪಳ ಕೇಳಿ ಅವಿತುಕೊಳ್ಳುತ್ತಿದ್ದ ಮಕ್ಕಳಲ್ಲಿ ಅನೇಕರು ಇಂದು ಸ್ವತಃ ಮಕ್ಕಳೊಂದಿಗರಾಗಿದ್ದಾರೆ. ಅಂಥವರ ಕೈಗೆ ನೋಟೀಸು ಬಂದಾಗ ಹಳೆಯ ಭಯವೂ ಸಿಟ್ಟೂ ಒಟ್ಟಿಗೇ ಮೇಲೇಳುವುದು ಸಹಜ.

ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಸ್ವಂತ ಗಳಿಕೆಯಿಂದಾಗಲಿ, ಆಸ್ತಿಯಿಂದಾಗಲಿ ಜೀವನ ನಿರ್ವಹಿಸಲಾಗದ ತಂದೆಯು ವಯಸ್ಕ ಮಕ್ಕಳಿಂದ ಜೀವನಾಂಶ ಕೋರಬಹುದೆಂದು 4ನೇ ಪ್ರಕರಣ ಹೇಳುತ್ತದೆ. ಆತ ಹಿಂದೆ ಹೇಗೆ ನಡೆದುಕೊಂಡಿದ್ದನೆಂಬ ಷರತ್ತನ್ನು ಆ ಪ್ರಕರಣ ಹಾಕಿಲ್ಲ. ಮಕ್ಕಳಿಗೆ ಇದು ಅನ್ಯಾಯವೆನಿಸಬಹುದು. ಆದರೆ ಅಧಿನಿಯಮದ ವ್ಯಾಖ್ಯೆಯಂತೆ ಜೀವನಾಂಶವೆಂದರೆ ಆಹಾರ, ಬಟ್ಟೆ, ವಸತಿ ಮತ್ತು ವೈದ್ಯಕೀಯ ಆರೈಕೆ. ಪ್ರೀತಿ, ಕ್ಷಮೆ, ಕಾಲಿಗೆರಗುವುದು ಇವು ಯಾವುವೂ ಅದರಲ್ಲಿ ಸೇರಿಲ್ಲ. ಮಾಸಿಕ ಮೊತ್ತ ಸಂದಾಯ ಮಾಡಿದ ಮಗನು ತಂದೆಯನ್ನು ಕ್ಷಮಿಸಿದ್ದಾನೆಂದು ಯಾರೂ ಭಾವಿಸಬೇಕಾಗಿಲ್ಲ. ಕ್ಷಮಿಸಲಾಗಲಿಲ್ಲವೆಂದು ಸಂದಾಯ ತಪ್ಪಿಸುವಂತೆಯೂ ಇಲ್ಲ.

ವಿಚಾರಣೆಗೆ ಮುನ್ನ ನ್ಯಾಯಮಂಡಳಿಯು ಪ್ರಕರಣವನ್ನು ಸಂಧಾನಾಧಿಕಾರಿಗೆ ಒಪ್ಪಿಸಬಹುದು. ಇಂತಹ ಮಾತುಕತೆಗಳಲ್ಲಿ ಬಂಧುಗಳು "ಎಷ್ಟಾದರೂ ಹೆತ್ತ ಅಪ್ಪನಲ್ಲವೇ, ಮರೆತುಬಿಡು" ಎನ್ನುವುದುಂಟು. ಸದುದ್ದೇಶದ ಮಾತೇ ಆದರೂ ಇದರಿಂದ ಗಾಯ ಮಾಯುವುದಿಲ್ಲ. ನಡೆದದ್ದು ನಡೆದೇ ಇಲ್ಲವೆಂಬಂತೆ ವರ್ತಿಸಬೇಕಾದ ಒತ್ತಾಯ ನೋವನ್ನು ಹೆಚ್ಚಿಸುತ್ತದೆ. ತಂದೆ-ಮಕ್ಕಳು ಒಂದೇ ಮನೆಯಲ್ಲಿ ವಾಸಿಸಬೇಕೆಂಬುದು ರಾಜಿಯ ಕಡ್ಡಾಯ ಷರತ್ತಲ್ಲ. ಬ್ಯಾಂಕ್ ಖಾತೆಗೆ ಹಣ ಜಮಾ ಮಾಡುವುದು, ಔಷಧದ ವೆಚ್ಚ ಭರಿಸುವುದು ಇಷ್ಟಕ್ಕೇ ಒಪ್ಪಂದವನ್ನು ಸೀಮಿತಗೊಳಿಸುವಂತೆ ಕೋರಬಹುದು.

ಮನಸ್ಸಿನ ಚೇತರಿಕೆಯು ಆದೇಶದಿಂದ ಆಗುವಂಥದ್ದಲ್ಲ. ದೊಡ್ಡ ದನಿ ಕೇಳಿದರೆ ಕೈ ನಡುಗುವುದು, ಮೇಲಧಿಕಾರಿಯ ಮುಂದೆ ಮಾತು ಹೊರಡದಿರುವುದು, ಸ್ವಂತ ಮಗುವಿನ ಮೇಲೆ ಕೈ ಎತ್ತಿದ ಗಳಿಗೆಯಲ್ಲಿ ತಂದೆಯ ಮುಖ ನೆನಪಾಗುವುದು ಇವೆಲ್ಲ ಬಾಲ್ಯದ ಭಯದ ಉಳಿಕೆಗಳಾಗಿರಬಹುದು. ನಡೆದುದನ್ನು ನಂಬಿ ಕೇಳುವ ಒಬ್ಬರ ಮುಂದೆ ಹೇಳಿಕೊಳ್ಳುವುದರಿಂದ ಅನೇಕರ ಭಾರ ಇಳಿಯಲಾರಂಭಿಸುತ್ತದೆ. ಇದಕ್ಕೆ ಒಡಹುಟ್ಟಿದವರೇ ತಕ್ಕವರೆಂದು ಹೇಳಲಾಗದು. ಹಿರಿಯ ಮಗನನ್ನು ಥಳಿಸಿದ ತಂದೆಯೇ ಕಿರಿಯ ಮಗಳನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿರಬಹುದು. ಇಬ್ಬರ ನೆನಪುಗಳೂ ನಿಜವೇ ಆಗಿದ್ದು, ಯಾರದು ಸರಿಯೆಂಬ ವಾದದಿಂದ ಪ್ರಯೋಜನವಿಲ್ಲ. ವಿಚಾರಣೆಯ ದಿನ ಕಚೇರಿಯ ಬೆಂಚಿನ ಮೇಲೆ ಕೋಲೂರಿ ಕುಳಿತ ಮುದುಕನನ್ನು ಕಂಡು, ತಾನು ಹೆದರಿದ್ದ ಮನುಷ್ಯ ಇವನೇ ಏನು ಎಂದು ಮಗ ತಬ್ಬಿಬ್ಬಾಗುವುದೂ ಉಂಟು. ಕನಿಕರ ಮತ್ತು ಸಿಟ್ಟು ಎರಡೂ ಒಮ್ಮೆಲೇ ಬಂದರೆ ಅದು ದೋಷವಲ್ಲ. ತಂದೆಯ ಮರಣದಲ್ಲಿ ಕಣ್ಣೀರು ಬಾರದವರಿಗೂ ಇದೇ ಮಾತು ಅನ್ವಯಿಸುತ್ತದೆ.

ನಿದ್ರಾಹೀನತೆ, ಮದ್ಯದ ಮೊರೆ ಅಥವಾ ಜೀವ ಬೇಡವೆಂಬ ಆಲೋಚನೆ ಇದ್ದಲ್ಲಿ ತಡಮಾಡದೆ ನೆರವು ಪಡೆಯತಕ್ಕದ್ದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿಯೂ ಚಿಕಿತ್ಸೆ ಲಭ್ಯವಿದೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 23ನೇ ಪ್ರಕರಣದಂತೆ ಚಿಕಿತ್ಸೆಯ ವಿವರಗಳ ಗೋಪ್ಯತೆ ರೋಗಿಯ ಹಕ್ಕು. ತಂದೆಯಿಂದ ಈಗಲೂ ಹಿಂಸೆ ನಡೆಯುತ್ತಿದ್ದಲ್ಲಿ 112ಕ್ಕೆ, ಬಾಧಿತರು ಮಕ್ಕಳಾಗಿದ್ದಲ್ಲಿ 1098ಕ್ಕೆ ಕರೆ ಮಾಡುವುದು.

ಮನಸ್ಸು ಒಪ್ಪದೆಂಬ ಕಾರಣಕ್ಕೆ ನೋಟೀಸನ್ನು ಹಿಂದಿರುಗಿಸುವುದು ಸೂಕ್ತವಲ್ಲ. ಉದ್ದೇಶಪೂರ್ವಕವಾಗಿ ಗೈರುಹಾಜರಾದವರ ವಿಷಯದಲ್ಲಿ ನ್ಯಾಯಮಂಡಳಿಯು ಏಕಪಕ್ಷೀಯವಾಗಿ ತೀರ್ಮಾನಿಸಬಹುದಾಗಿದೆ. ತಂದೆಯನ್ನು ಮುಖಾಮುಖಿ ಕಾಣುವುದು ಕಷ್ಟವೆನಿಸಿದಲ್ಲಿ, ಕಾರಣವನ್ನು ಲಿಖಿತವಾಗಿ ತಿಳಿಸಿ ಪ್ರತ್ಯೇಕ ಸಮಯದಲ್ಲಿ ಹೇಳಿಕೆ ಪಡೆಯುವಂತೆ ಮನವಿ ಸಲ್ಲಿಸಬಹುದು.