ಹಳೆಯ ಕಾರಿನ ಹೊಯ್ದಾಟ: ಒಂದು ರೋಗನಿದಾನ

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ವೈದ್ಯ ಮಿತ್ರರು ರಕ್ತದೊತ್ತಡ, ಮಧುಮೇಹಗಳನ್ನು ಕುರಿತು ಬರೆಯುವುದು ವಾಡಿಕೆ. ವಾಣಿಜ್ಯ ಪದವೀಧರನಾಗಿ ಬ್ಯಾಂಕಿನಲ್ಲಿ ಲೆಕ್ಕ ನೋಡುವ ನಾನು ಅವರ ಪಂಕ್ತಿಯಲ್ಲಿ ಕುಳಿತು ಬರೆಯಹೊರಟಿರುವುದು ಒಂದು ಕಾರಿನ ಕಾಯಿಲೆಯನ್ನು ಕುರಿತು. ಆ ಕಾಯಿಲೆ ನಮ್ಮ ಮನೆಯ ನಾಲ್ವರ ಪ್ರಾಣಕ್ಕೇ ಸಂಚಕಾರ ತರುವಂತಿದ್ದುದರಿಂದ ಆರೋಗ್ಯದ ಪುಟಗಳಲ್ಲಿ ಅದಕ್ಕೂ ಎಡೆಯುಂಟೆಂದು ಭಾವಿಸಿದ್ದೇನೆ.

ನಮ್ಮದು 2006ರ ಮಾರುತಿ 800. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಈ ಪುಟ್ಟ ಕಾರು, ನಮ್ಮಂತಹ ಎಷ್ಟೋ ಮಧ್ಯಮ ವರ್ಗದ ಸಂಸಾರಗಳನ್ನು ಸ್ಕೂಟರಿನಿಂದ ಇಳಿಸಿ ಕಾರು ಹತ್ತಿಸಿತು. ಕಳೆದ ವರ್ಷ ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ತಾಯಿಯವರನ್ನು ಕರೆದೊಯ್ಯಬೇಕಾಗಿತ್ತು. ತಗ್ಗುಗಳಲ್ಲಿ ಕಾರು ದಡದಡ ಸದ್ದು ಮಾಡುತ್ತಿದ್ದುದರಿಂದ, ಎರಡು ವಾರ ಮೊದಲೇ ಗ್ಯಾರೇಜೊಂದರಲ್ಲಿ ಮುಂದಿನ ಎರಡೂ ಶಾಕ್ ಅಬ್ಸಾರ್ಬರುಗಳನ್ನು ಬದಲಿಸಿದೆ. ಸದ್ದು ನಿಂತಿತು, ಆದರೆ ಹೊಸದೊಂದು ಉಪದ್ರವ ಆರಂಭವಾಯಿತು. ಕಾರು ನೇರವಾಗಿ ಹೋಗಲೊಲ್ಲದು. ಕೇಳಿದರೆ, "ಹಳೆಯ ಗಾಡಿ ಸಾಹೇಬರೆ, ವಯಸ್ಸಾಯಿತು" ಎಂಬ ಉತ್ತರ ಬಂದಿತು.

ಟೈರುಗಳ ಗಾಳಿ ನೋಡಿದೆ, ಸರಿಯಿತ್ತು. ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಮೇಲಿನಿಂದ ನೋಡಿದಾಗ ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿವೆಯೇ, ಅವುಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿದೆಯೇ ಎಂಬ ಅಳತೆಗೆ ಟೋ ಎಂದು ಹೆಸರು. ಮೂತಿ ಹೊರಕ್ಕೆ ಹೆಚ್ಚು ತಿರುಗಿದ್ದರೆ ಕಾರು ಚಂಚಲವಾಗುತ್ತದೆ. ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ ಜೋಡಿಸಿದಾಗ ಈ ಅಳತೆ ವ್ಯತ್ಯಾಸವಾಗುವುದು ಸಹಜ. ನಮ್ಮ ಕಾರಿನಲ್ಲಿಯೂ ಹಾಗೆಯೇ ಆಗಿತ್ತು. ಅದನ್ನು ಸರಿಪಡಿಸಿ, ಎಲ್ಲ ಅಂಕಿಗಳೂ ಮಿತಿಯೊಳಗಿವೆ ಎಂದು ಸಾರುವ ಕಾಗದವೊಂದನ್ನು ಕೊಟ್ಟರು. ಅಂಕಿಯನ್ನು ನಂಬುವುದು ನನ್ನ ಕಸುಬು. ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಪ್ರಯಾಣ ಹೊರಟೆ.

ಊರೊಳಗಿನ ನಿಧಾನ ಸಂಚಾರದಲ್ಲಿ ಅಡಗಿದ್ದ ದೋಷ ಹೆದ್ದಾರಿಯಲ್ಲಿ ಪ್ರಕಟವಾಯಿತು. ಖಂಬಾಟಕಿ ಘಾಟನ್ನು ದಾಟಿ ಸಾತಾರಾ ಕಡೆಗೆ ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದಾಗ, ಬಲಕ್ಕೆ ತುಸು ತಿರುಗಿಸಿದರೆ ಕಾರು ಬಲಕ್ಕೇ ಹೋಗುವುದು. ಎಡಕ್ಕೆ ತಂದರೆ ಎಡಕ್ಕೇ ಹೋಗುವುದು. ಸ್ಟಿಯರಿಂಗ್ ತಾನಾಗಿ ನಡುವಿಗೆ ಮರಳುತ್ತಿರಲಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರೊಂದನ್ನು ದಾಟುವಾಗ ಕಾರು ಬಲಕ್ಕೆ ಸರಿದದ್ದು ಸರಿಯುತ್ತಲೇ ಹೋಯಿತು. ಹಿಂದಿನಿಂದ ಬಂದ ಬಸ್ಸು ಹಾರ್ನ್ ಮಾಡುತ್ತ ಕೂದಲೆಳೆಯ ಅಂತರದಲ್ಲಿ ಪಾರಾಯಿತು. ಹಿಂದಿನ ಸೀಟಿನಲ್ಲಿ ಮಗಳ ಕೈ ಹಿಡಿದು ಕುಳಿತಿದ್ದ ತಾಯಿಯವರು, "ಯಾಕೋ, ಗಾಡಿ ಹಿಂಗ್ಯಾಕ ಹೊಯ್ದಾಡ್ಲಿಕ್ಕತ್ತದ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ನಲವತ್ತರ ವೇಗದಲ್ಲಿ ಸಾತಾರಾ ಸೇರಿ, ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಇಳಿದೆವು.

ಅವರ ಮನೆಯ ಬಳಿಯ ಸಣ್ಣ ಗ್ಯಾರೇಜಿನ ವೃದ್ಧ ಮಿಸ್ತ್ರಿ ನನ್ನ ಕಾಗದವನ್ನು ನೋಡಲೇ ಇಲ್ಲ. "ಕೊನೆಯದಾಗಿ ಏನು ಬಿಚ್ಚಿದ್ದರು?" ಎಂದಷ್ಟೇ ಕೇಳಿದರು. ಕಾರು ನೆಲದ ಮೇಲೆ ನಿಂತಿದ್ದಂತೆಯೇ ನನ್ನಿಂದ ಸ್ಟಿಯರಿಂಗನ್ನು ಅತ್ತಿತ್ತ ತಿರುಗಿಸಿ, ತಾವು ಮುಂದಿನ ಸ್ಪ್ರಿಂಗಿನ ಹೊರಮೈಗೆ ಅಂಗೈ ಆನಿಸಿದರು. ಸ್ಪ್ರಿಂಗು ಸರಾಗವಾಗಿ ತಿರುಗದೆ ಹುರಿಗೊಂಡು, ಬಳಿಕ ಟಣ್ಣನೆ ಜಿಗಿಯುತ್ತಿತ್ತು. ನಿದಾನ ಅಲ್ಲಿಗೇ ಮುಗಿಯಿತು.

ಈ ಕಾರಿನ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಏರ್ಪಾಡು. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರು ಒಂದೇ ಕಂಬವಾಗಿದ್ದು, ಸ್ಟಿಯರಿಂಗ್ ತಿರುಗಿಸಿದಾಗ ಚಕ್ರದೊಡನೆ ಅವೂ ತಿರುಗುತ್ತವೆ. ಆ ತಿರುಗಾಟಕ್ಕಾಗಿ ಕಂಬದ ನೆತ್ತಿಯಲ್ಲಿ ಒಂದು ಬೇರಿಂಗ್ ಇರುತ್ತದೆ. ಶಾಕ್ ಅಬ್ಸಾರ್ಬರು ಹೊಸದನ್ನು ಹಾಕಿದವರು, ತುಕ್ಕು ಹಿಡಿದ ಹಳೆಯ ಬೇರಿಂಗನ್ನೇ ಮತ್ತೆ ಕೂರಿಸಿದ್ದರು. ಸೈಕಲ್ಲಿನ ಮುಂದಿನ ಕವಲು ತುಸು ಓರೆಯಾಗಿರುವುದರಿಂದ ಓಡುವಾಗ ಅದರ ಚಕ್ರ ತಾನಾಗಿ ನೇರವಾಗುವುದನ್ನು ನಾವೆಲ್ಲ ಬಲ್ಲೆವು. ಕಾರಿನಲ್ಲಿಯೂ ಅಂತಹ ಓರೆಯುಂಟು. ಅದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ನೆತ್ತಿಯ ಬೇರಿಂಗ್ ಬಿಗಿದುಕೊಂಡರೆ ಕ್ಯಾಸ್ಟರಿನ ಅಂಕಿ ಸರಿಯಿದ್ದರೂ ಫಲವಿಲ್ಲ. ಚಕ್ರ ಕೊನೆಯದಾಗಿ ತಿರುಗಿದ ಕಡೆಗೇ ನಿಂತುಬಿಡುತ್ತದೆ. ಅಲೈನ್‌ಮೆಂಟ್ ಯಂತ್ರ ಕೋನವನ್ನು ಅಳೆಯುತ್ತದೆಯೇ ಹೊರತು ಬಿಗಿತವನ್ನಲ್ಲ.

ಬಿ.ಕಾಂ. ಮೊದಲ ವರ್ಷದಲ್ಲೇ ಕಲಿತ ಪಾಠ ಆಗ ನೆನಪಾಯಿತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ನಿರ್ದೋಷವೆಂದಲ್ಲ. ಅದು ತೋರದ ತಪ್ಪುಗಳೂ ಉಂಟು. ಶಾಖೆಯಲ್ಲಿ ಲೆಕ್ಕ ಕೂಡದಿದ್ದಾಗ ನಾವು ಮೊದಲು ನೋಡುವುದು ಆ ದಿನದ ವೋಚರುಗಳನ್ನು; ಹತ್ತು ವರ್ಷದ ಲೆಡ್ಜರನ್ನಲ್ಲ. ಕಾರಿನ ವಿಷಯದಲ್ಲಿ ಮಾತ್ರ ಆ ವಿವೇಕವನ್ನು ಮರೆತಿದ್ದೆ.

ಮಿಸ್ತ್ರಿಯವರು ಎರಡೂ ಬೇರಿಂಗುಗಳನ್ನು ಬದಲಿಸಿದರು. ಕಂಬಗಳನ್ನು ಬಿಚ್ಚಿದ್ದರಿಂದ ಮತ್ತೊಮ್ಮೆ ಅಲೈನ್‌ಮೆಂಟ್ ಆಯಿತು. ಶಾಕ್ ಅಬ್ಸಾರ್ಬರುಗಳಿಗೆ ತೆತ್ತ ಹಣದ ಮುಂದೆ ಆ ಬೇರಿಂಗುಗಳ ಬೆಲೆ ತೀರ ಅಲ್ಪ.

ಹಳೆಯ ಕಾರುಳ್ಳ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ಸಸ್ಪೆನ್ಶನ್ ಕೆಲಸದ ಬಳಿಕ ಕಾರು ಹೊಯ್ದಾಡಿದರೆ ಮೊದಲು ಲಕ್ಷಣವನ್ನು ವಿಂಗಡಿಸಿರಿ. ಸದಾ ಒಂದೇ ಕಡೆಗೆ ಎಳೆಯುವುದಾದರೆ ಮುಂದಿನ ಟೈರುಗಳನ್ನು ಎಡಬಲ ಬದಲಿಸಿ ನೋಡಿರಿ. ಎಳೆತದ ದಿಕ್ಕೂ ಬದಲಾದರೆ ದೋಷ ಟೈರಿನದು. ನಮ್ಮ ರಸ್ತೆಗಳು ಎಡ ಅಂಚಿಗೆ ಇಳಿಜಾರಾಗಿರುವುದರಿಂದ ಎಡಕ್ಕೆ ಅತ್ಯಲ್ಪ ಸರಿಯುವುದು ರೋಗವಲ್ಲ. ಸ್ಟಿಯರಿಂಗ್ ಸಡಿಲವಾಗಿ ಆಡಿದರೆ ಟೈ ರಾಡ್ ತುದಿಗಳನ್ನೂ ಬುಷ್‌ಗಳನ್ನೂ, ತಿರುವಿನ ಬಳಿಕ ನಡುವಿಗೆ ಮರಳದಿದ್ದರೆ ನೆತ್ತಿಯ ಬೇರಿಂಗನ್ನೂ ಬಾಲ್ ಜಾಯಿಂಟನ್ನೂ ಪರೀಕ್ಷಿಸುವಂತೆ ಹೇಳಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಡಿರಿ. ಕಾಗದದ ಅಂಕಿ ಏನೇ ಹೇಳಲಿ, ಕೈಗೆ ಸಂಶಯ ಬಂದ ಕಾರಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗಬೇಡಿರಿ.

ಮರುದಿನ ಸಾತಾರಾದಿಂದ ಹೊರಟು ಧಾರವಾಡ ಮುಟ್ಟುವವರೆಗೆ ಕಾರು ಗೆರೆ ಎಳೆದಂತೆ ನಡೆಯಿತು. ಕೊಲ್ಹಾಪುರ ದಾಟುವ ಹೊತ್ತಿಗೆ ತಾಯಿಯವರು ಮೊಮ್ಮಗಳ ಹೆಗಲಿಗೊರಗಿ ನಿದ್ರೆ ಹೋಗಿದ್ದರು.